ದಂಡದ ಹಣ ಕಡಲಿಗೆ ಮರಳಬೇಕಾದರೆ

ಪ್ರಶ್ನೆ: ಮೆಕ್ಸಿಕೋ ಕೊಲ್ಲಿಯಲ್ಲಿ 2010ರಲ್ಲಿ ತೈಲ ಸೋರಿದಾಗ ಕಂಪನಿಗೆ ದಂಡ ಹಾಕುವ ಕಾನೂನು ಅಮೆರಿಕದಲ್ಲಿ ಮೊದಲೇ ಇತ್ತಲ್ಲ? ಮತ್ತೆ 2012ರಲ್ಲಿ ‘ರಿಸ್ಟೋರ್’ ಕಾಯ್ದೆ ಯಾಕೆ ಬೇಕಾಯಿತು? – ಓದುಗರು, ಮೈಸೂರು

ದಂಡ ಬಿದ್ದರೆ ಹಣ ನೊಂದ ಊರಿಗೆ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಾನೂನಿನಲ್ಲಿ ಹಾಗೆಂದು ಬರೆದಿರದಿದ್ದರೆ ಬರುವುದಿಲ್ಲ.

2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ರಿಗ್ (ಕಡಲಲ್ಲಿ ತೈಲ ಬಾವಿ ಕೊರೆಯುವ ವೇದಿಕೆ) ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ಬಾವಿಯ ಬಾಯಿ ಮುಚ್ಚಲು 87 ದಿನ ಹಿಡಿಯಿತು. ಅಲ್ಲಿನ ಸ್ವಚ್ಛ ಜಲ ಕಾಯ್ದೆಯಲ್ಲಿ ದಂಡ ಬ್ಯಾರೆಲ್ ಲೆಕ್ಕದಲ್ಲಿ: ಸಾಮಾನ್ಯವಾಗಿ 1,100 ಡಾಲರ್ ತನಕ, ಘೋರ ನಿರ್ಲಕ್ಷ್ಯ ಎಂದು ಸಾಬೀತಾದರೆ 4,300 ಡಾಲರ್ ತನಕ. ಆದರೆ ಆ ಹಣವೆಲ್ಲ ರಾಷ್ಟ್ರಮಟ್ಟದ ತೈಲ ಸೋರಿಕೆ ನಿಧಿಗೆ ಹೋಗುತ್ತಿತ್ತು. ಮುಂದೆ ಎಲ್ಲೋ ಸೋರಿದರೆ ಬಳಸಲು ಇಟ್ಟ ಹಣ ಅದು. ಆ ಕೊಲ್ಲಿ ತೀರದ ಲೂಸಿಯಾನಾ ರಾಜ್ಯದ ಸಿಗಡಿ ದೋಣಿಯವರಿಗೂ ಅದಕ್ಕೂ ಸಂಬಂಧವಿಲ್ಲ.

ರಿಸ್ಟೋರ್ ಬದಲಿಸಿದ್ದು ಇದನ್ನೇ. ದಂಡದ ಶೇ 80 ಭಾಗ ಮೆಕ್ಸಿಕೋ ಕೊಲ್ಲಿ ಕರಾವಳಿಯ ಪ್ರತ್ಯೇಕ ನಿಧಿಗೆ ಸೇರಬೇಕು ಎಂದಿತು. ಸಾರಿಗೆ ಮಸೂದೆಯೊಂದರ ಜತೆ ಸೇರಿಸಿ ಪಾಸು ಮಾಡಿದ ಇದಕ್ಕೆ 2012ರ ಜುಲೈ 6ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದರು. ಆ ದಿನಾಂಕ ಮುಖ್ಯ, ಏಕೆಂದರೆ ಅದಕ್ಕೂ ಮೊದಲು ಕಟ್ಟಿದ ದಂಡಕ್ಕೆ ಕಾಯ್ದೆ ಅನ್ವಯಿಸಲಿಲ್ಲ. ದೊಡ್ಡ ಮೊತ್ತಗಳೆಲ್ಲ ಆಮೇಲೆ ಬಂದವು: ಟ್ರಾನ್ಸ್‌ಓಷನ್ (ರಿಗ್ಗಿನ ಮಾಲೀಕ ಕಂಪನಿ) 100 ಕೋಟಿ ಡಾಲರ್, ಅನಡಾರ್ಕೊ (ಬಾವಿಯಲ್ಲಿ ಪಾಲು ಹೊಂದಿದ್ದ ಕಂಪನಿ) 15.95 ಕೋಟಿ, ಬಿಪಿ (ಬಾವಿ ನಡೆಸುತ್ತಿದ್ದ ಮುಖ್ಯ ಕಂಪನಿ) 550 ಕೋಟಿ. ಕರಾವಳಿ ನಿಧಿಯ ಪಾಲು ಸುಮಾರು 533 ಕೋಟಿ ಡಾಲರ್. ಬಿಪಿ ತನ್ನ ಭಾಗವನ್ನು ಹದಿನೈದು ವರ್ಷದ ಕಂತಿನಲ್ಲಿ ಕಟ್ಟುತ್ತಿದೆ.

ಪ್ರಶ್ನೆ: ಕೊಲ್ಲಿ ತೀರದ ಐದು ರಾಜ್ಯಗಳು ಈ ಹಣ ಹಂಚಿಕೊಂಡದ್ದು ಹೇಗೆ? – ಓದುಗರು, ಹ್ಯೂಸ್ಟನ್

ಶೇ 35 ಐದೂ ರಾಜ್ಯಗಳಿಗೆ ಸಮಪಾಲು. ಶೇ 30 ಕೇಂದ್ರ ಮತ್ತು ರಾಜ್ಯಗಳ ಜಂಟಿ ಮಂಡಳಿಯ ಯೋಜನೆಗೆ. ಶೇ 5 ಸಂಶೋಧನೆಗೆ. ಉಳಿದ ಶೇ 30ಕ್ಕೆ ಹಾನಿ ಆಧರಿಸಿದ ಸೂತ್ರ: ಎಷ್ಟು ಮೈಲಿ ತೀರಕ್ಕೆ ಎಣ್ಣೆ ಮೆತ್ತಿತು ಎಂಬುದಕ್ಕೆ 40 ಅಂಕ, ರಿಗ್ಗಿನಿಂದ ಎಷ್ಟು ಹತ್ತಿರ ಎಂಬುದಕ್ಕೆ 40, ಕರಾವಳಿ ಜನಸಂಖ್ಯೆಗೆ 20. ಇದರಲ್ಲಿ ಲೂಸಿಯಾನಾಕ್ಕೆ ಶೇ 34.59 ಸಿಕ್ಕರೆ ನಿಮ್ಮ ಟೆಕ್ಸಾಸ್‌ಗೆ ಶೇ 7.58. ಈ ಸೂತ್ರ ಕಾಯ್ದೆಯಲ್ಲೇ ಇತ್ತು.

ಪ್ರಶ್ನೆ: ಇಷ್ಟೆಲ್ಲ ಹಣದಲ್ಲಿ ಮೀನುಗಾರನ ಕೈಗೆ ಏನು ಬಂತು? ನಮ್ಮಲ್ಲಿ ಹೀಗಾದರೆ ನಾವು ಏನು ಮಾಡಬೇಕು? – ಓದುಗರು, ಮಲ್ಪೆ

ರಿಸ್ಟೋರ್ ಹಣ ಮೀನುಗಾರನ ಖಾತೆಗೆ ಬರುವಂಥದ್ದಲ್ಲ. ಇಲ್ಲಿ ಮೂರು ಬೇರೆ ಬೇರೆ ಚೀಲಗಳಿವೆ. ದಂಡದ ಹಣ ಮೊದಲನೆಯದು. ಪ್ರಕೃತಿಗಾದ ಹಾನಿಯ ಪರಿಹಾರ ಎರಡನೆಯದು. ಬಿಪಿ ಇದಕ್ಕೆ 880 ಕೋಟಿ ಡಾಲರ್ ತನಕ ಒಪ್ಪಿತು. ಸಂಪಾದನೆ ಕಳೆದುಕೊಂಡವರ ವೈಯಕ್ತಿಕ ಕ್ಲೇಮು ಮೂರನೆಯದು.

ಮೂರನೆಯದರಲ್ಲಿ ಜನ ಎಡವಿದ್ದು ಕಾಗದಪತ್ರದಲ್ಲಿ. ದಕ್ಕೆಯಲ್ಲಿ ನಗದಿಗೆ ಮಾರಿದವರು, ಮನೆಯ ಊಟಕ್ಕೆ ಹಿಡಿದವರು, ಇಂಗ್ಲಿಷ್ ಬಾರದ ವಿಯೆಟ್ನಾಂ ಮೂಲದ ಮೀನುಗಾರರು ತಮ್ಮ ನಷ್ಟ ತೋರಿಸಲು ಬಹಳ ಒದ್ದಾಡಿದರು. ಸಿಂಪಿ (ಆಯ್ಸ್ಟರ್ ಎಂಬ ಚಿಪ್ಪುಜೀವಿ) ಬೆಳೆಯುವವರ ಪಾಡು ಇನ್ನೂ ಕಷ್ಟ. ಎಣ್ಣೆ ಒಳನುಗ್ಗದಿರಲೆಂದು ಲೂಸಿಯಾನಾದಲ್ಲಿ ಮಿಸಿಸಿಪ್ಪಿ ನದಿಯ ಸಿಹಿನೀರನ್ನು ಅಳಿವೆಗಳಿಗೆ ಬಿಟ್ಟರು. ಉಪ್ಪು ಕಡಿಮೆಯಾಗಿ ಸಿಂಪಿಗಳು ಎಣ್ಣೆ ತಾಗದೆಯೇ ಸತ್ತವು. ಮತ್ತೆ ಬೆಳೆಸಲು ಮರಿ ತಂದು ಸುರಿದರೆ ಸಾಲದು. ಸಿಂಪಿಯ ಮರಿ ಗಟ್ಟಿ ತಳಕ್ಕೇ ಅಂಟಬೇಕು, ಕೆಸರಿಗೆ ಬಿದ್ದರೆ ಉಸಿರುಗಟ್ಟುತ್ತದೆ. ಹಾಗಾಗಿ ಹಳೆಯ ಚಿಪ್ಪು, ಜಲ್ಲಿ ಹಾಸಿ ತಳ ಕಟ್ಟಿಕೊಡಬೇಕಾಯಿತು. ಇದಕ್ಕೆ ವರ್ಷಗಳು ಬೇಕು.

ಇನ್ನು ನಮ್ಮ ಕಡಲು. ಮೊದಲು ನೋಡಬೇಕಾದ್ದು ಯಾವ ಹಡಗು ಎಂದು. ಟ್ಯಾಂಕರಿನ ಸರಕು ಎಣ್ಣೆ ಸೋರಿದರೆ 1992ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದವೂ ಪರಿಹಾರ ನಿಧಿಯೂ ಇವೆ, ಎರಡಕ್ಕೂ ಭಾರತ ಸದಸ್ಯ. ಹಾನಿಯಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡದಿದ್ದರೆ ಹಕ್ಕು ಹೋಯಿತು. ಕಂಟೇನರ್ ಹಡಗಿನ ಸ್ವಂತ ಇಂಧನ ಸೋರಿದರೆ ಆ ನಿಧಿ ಸಿಗದು. ಹಡಗಿನ ಮಾಲೀಕರು, ವಿಮೆದಾರರ ಬೆನ್ನು ಹತ್ತಬೇಕು. 2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಮುಳುಗಿದ ಮೇಲೆ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಯ ದಾವೆ ಹೂಡಿ, ಅದೇ ಸಮೂಹದ ಇನ್ನೊಂದು ಹಡಗನ್ನು ಬಂದರಿನಲ್ಲೇ ತಡೆಹಿಡಿಸಿದ್ದು ಇದಕ್ಕಾಗಿಯೇ.

ಆದ್ದರಿಂದ ಸೋರಿಕೆ ಆಗುವ ಮುಂಚೆಯೇ ಲೆಕ್ಕ ಇಡಿ: ಬೋಟಿನ ನೋಂದಣಿ, ಡೀಸೆಲ್ ರಸೀದಿ, ಹರಾಜಿನ ಚೀಟಿ, ಕನಿಷ್ಠ ಮೂರು ವರ್ಷದ್ದು. ಬೋಟಿನಲ್ಲಿ ಪಾಲಿಗೆ ದುಡಿಯುವವರು ತಮ್ಮ ಪಾಲನ್ನು ದಿನಾಂಕ ಹಾಕಿ ಬರೆದಿಟ್ಟು ಮಾಲೀಕರಿಂದ ಸಹಿ ಹಾಕಿಸಿಕೊಳ್ಳಲಿ. ಎಣ್ಣೆ ಹತ್ತಿದ ಬಲೆಯನ್ನು ಸಿಟ್ಟಿನಲ್ಲಿ ಸುಡಬೇಡಿ. ಒಂದು ತುಂಡು ಕತ್ತರಿಸಿ ಗಾಜಿನ ಬಾಟಲಿಗೆ ಹಾಕಿ, ಜಾಗ ಮತ್ತು ಹೊತ್ತು ಬರೆದು, ಮೀನುಗಾರಿಕೆ ಇಲಾಖೆಯವರ ಎದುರು ಮೊಹರು ಮಾಡಿಸಿ. ಎಣ್ಣೆ ಯಾವ ಹಡಗಿನದು ಎಂದು ಪ್ರಯೋಗಾಲಯದಲ್ಲಿ ಹೋಲಿಸಿ ಹೇಳಬಹುದು. ಪ್ಲಾಸ್ಟಿಕ್ ಡಬ್ಬಿ ಬೇಡ, ಎಣ್ಣೆ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಮಾದರಿ ಕೆಡುತ್ತದೆ.

ಪ್ರಶ್ನೆ: ಇಂಥ ಕಾಯ್ದೆ ಇಲ್ಲೂ ಬೇಕೆಂದರೆ ಸಂಸದರನ್ನು ಏನೆಂದು ಕೇಳಬೇಕು? – ಓದುಗರು, ಕಾರವಾರ

‘ಪರಿಹಾರ ಕೊಡಿ’ ಎಂಬ ಮನವಿ ಕಡತದಲ್ಲೇ ಉಳಿಯುತ್ತದೆ. ದಂಡದ ಎಷ್ಟು ಪಾಲು, ಯಾವ ನಿಧಿಗೆ, ಯಾರ ಕೈಯಲ್ಲಿ ಎಂದು ಬರೆದುಕೊಡಿ. ಸರ್ಕಾರಕ್ಕೆ ಸಂದ ಹಣ ಸಾಮಾನ್ಯವಾಗಿ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಮುಖ್ಯ ಖಜಾನೆಗೆ ಸೇರುತ್ತದೆ, ಕಾನೂನಿನ ಒಪ್ಪಿಗೆಯಿಲ್ಲದೆ ಅಲ್ಲಿಂದ ತೆಗೆಯಲಾಗದು. ಆ ನಿಧಿಯಿಂದ ಖರ್ಚು ಬೇಡುವ ಮಸೂದೆಯನ್ನು ಸದನ ಅಂಗೀಕರಿಸಲು ಸಂವಿಧಾನದ 117ನೇ ವಿಧಿಯಡಿ ರಾಷ್ಟ್ರಪತಿಗಳ ಶಿಫಾರಸು ಬೇಕು. ಸಚಿವರಲ್ಲದ ಸಂಸದರು ತರುವ ಖಾಸಗಿ ಮಸೂದೆಗಳು ಇಲ್ಲೇ ಸಿಕ್ಕಿಕೊಳ್ಳುತ್ತವೆ. ಸರ್ಕಾರವೇ ತಿದ್ದುಪಡಿ ತರುವಂತೆ ಒತ್ತಾಯಿಸುವುದು ಮೇಲು. ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಸಾರ್ವಜನಿಕರ ಅಭಿಪ್ರಾಯ ಕರೆದರೆ ಸಿಗುವ ಗಡುವು ಚಿಕ್ಕದು, ಹಾಗಾಗಿ ಮೀನುಗಾರರ ಸಹಕಾರ ಸಂಘದ ಠರಾವನ್ನು ಮೊದಲೇ ಸಿದ್ಧವಿಡಿ.

ಹಣವನ್ನು ಯಾವುದಕ್ಕೆ ಬಳಸಬಾರದು ಎಂಬುದೂ ಅದರಲ್ಲಿರಲಿ. ಅಲಬಾಮಾದಲ್ಲಿ ಪ್ರಕೃತಿ ಹಾನಿಯ ಹಣದಿಂದ ಕಡಲತೀರದ ಹೋಟೆಲು ಕಟ್ಟಲು ಹೊರಟಾಗ ಪರಿಸರ ಸಂಘಟನೆ ಕೋರ್ಟಿಗೆ ಹೋಗಬೇಕಾಯಿತು. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕುವ ಹೆಂಗಸರ ಹೆಸರಿನಲ್ಲಿ ಬೋಟೂ ಇಲ್ಲ, ಪರವಾನಗಿಯೂ ಇಲ್ಲ. ‘ಮೀನುಗಾರ’ ಎಂಬ ಪದದ ವ್ಯಾಖ್ಯೆಯಲ್ಲಿ ಅವರನ್ನು ಹೆಸರಿಸಿಯೇ ಸೇರಿಸಬೇಕು. ನಿಧಿಯ ಅವಧಿಯನ್ನು ಎರಡು ಮೂರು ವರ್ಷಕ್ಕೆ ಮುಗಿಸಲೂಬಾರದು. ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಎಣ್ಣೆ ಚೆಲ್ಲಿದ್ದು 1989ರಲ್ಲಿ, ಅಲ್ಲಿನ ಹೆರಿಂಗ್ ಮೀನು ಕುಸಿದದ್ದು 1993ರಲ್ಲಿ. ಕಾರಣ ಎಣ್ಣೆಯೋ ರೋಗವೋ ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ, ಹೆರಿಂಗ್ ಮಾತ್ರ ಮೊದಲಿನಷ್ಟು ಮರಳಿಲ್ಲ.