ದೇವರಿಗೆ ಬಿಟ್ಟ ಮೇಲೆ ನಮ್ಮ ಪಾಲಿನ ಕೆಲಸ

ಪ್ರಶ್ನೆ: ನನಗೆ 58 ವರ್ಷ. ರಾಜಾಜಿನಗರದಲ್ಲಿ ಮಗ, ಸೊಸೆ ಜೊತೆ ಇದ್ದೇನೆ. ಸೊಸೆಗೆ ಸಾಫ್ಟ್‌ವೇರ್ ಕೆಲಸ. ರಾತ್ರಿ ಒಂದರವರೆಗೂ ಮೀಟಿಂಗ್, ಏಳುವುದು ಒಂಬತ್ತಕ್ಕೆ. ಅಷ್ಟೊತ್ತಿಗೆ ತಿಂಡಿ, ಅಡುಗೆ, ಪೂಜೆ ಎಲ್ಲ ನಾನೇ ಮುಗಿಸಿರುತ್ತೇನೆ. ಬಾಯಿಬಿಟ್ಟು ಒಂದು ಮಾತು ಅಂದವಳಲ್ಲ. ಸಿಟ್ಟು ಬಂದರೆ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತೇನೆ, ಅಷ್ಟೆ. ದಿನಾ ದೀಪ ಹಚ್ಚಿ ‘ಅವಳಿಗೆ ಒಳ್ಳೆ ಬುದ್ಧಿ ಕೊಡಪ್ಪ’ ಅಂತ ಬೇಡಿಕೊಳ್ಳುತ್ತೇನೆ. ಏನೂ ಬದಲಾಗಿಲ್ಲ. ಈಗ ಮಗ ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆ ನೋಡುತ್ತಿದ್ದಾನೆ. ಸತ್ಸಂಗದಲ್ಲಿ ಕೇಳಿದರೆ, ಬೇರೆಯವರನ್ನು ದೇವರಿಗೆ ಬಿಡಿ, ನಿಮ್ಮ ತಪ್ಪು ನೋಡಿಕೊಳ್ಳಿ ಅಂದರು. ಎಲ್ಲ ನಾನೇ ಮಾಡುತ್ತಿರುವಾಗ ನನ್ನ ತಪ್ಪೇನು?

ಉತ್ತರ: ಅಮ್ಮ, ನಿಮ್ಮ ದಣಿವು ನಿಜ. ಒಬ್ಬರೇ ಮನೆ ತೂಗಿಸಿ, ಅದನ್ನು ಯಾರೂ ಗಮನಿಸದೇ ಇದ್ದರೆ ನೋವಾಗಿಯೇ ಆಗುತ್ತದೆ. ಆದರೆ ಪತ್ರದಲ್ಲಿ ಒಂದು ಸಾಲು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ, ನಾನು ಅಲ್ಲೇ ನಿಂತೆ. ಪಾತ್ರೆ ಜೋರಾಗಿ ಇಡುತ್ತೇನೆ, ಅಷ್ಟೆ. ಬೆಳಗ್ಗೆ ಆರೂವರೆ, ಆ ಹುಡುಗಿ ಮಲಗಿ ಆರು ಗಂಟೆಯೂ ಆಗಿರುವುದಿಲ್ಲ, ಸಿಂಕಿನಲ್ಲಿ ಕುಕ್ಕರ್ ಮುಚ್ಚಳ ಧಡ್ ಅಂತ ಬೀಳುತ್ತದೆ. ಆ ಸದ್ದು ಯಾರಿಗೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ನೀವು ಬೈದಿದ್ದರೆ ಅವಳು ತಿರುಗಿ ಏನಾದರೂ ಹೇಳಬಹುದಿತ್ತು, ಇಲ್ಲ ಅತ್ತು ಹಗುರಾಗಬಹುದಿತ್ತು. ಸದ್ದಿಗೆ ಏನಂತ ಉತ್ತರ ಕೊಡುತ್ತಾಳೆ?

ಇದು ದೊಡ್ಡ ಪಾಪವೇನಲ್ಲ. ಆದರೆ ಪೂರ್ತಿ ನಿಮ್ಮದು. ಸೊಸೆ ಏಳುವ ಹೊತ್ತು ನಿಮ್ಮ ಕೈಯಲ್ಲಿಲ್ಲ, ಕುಕ್ಕರ್ ಮುಚ್ಚಳ ನಿಮ್ಮ ಕೈಯಲ್ಲೇ ಇದೆ. ಇನ್ನೊಂದು ವಿಷಯ. ಮಗ ಎಷ್ಟೊತ್ತಿಗೆ ಏಳುತ್ತಾನೆ, ಉಂಡ ತಟ್ಟೆ ಎತ್ತಿಡುತ್ತಾನಾ ಅಂತ ನೀವು ಬರೆದೇ ಇಲ್ಲ. ಯಾಕೆ ಬರೆಯಲಿಲ್ಲ ಅಂತ ಒಮ್ಮೆ ನಿಧಾನವಾಗಿ ಯೋಚಿಸಿ.

ಪ್ರಾರ್ಥನೆಯ ಬಗ್ಗೆಯೂ ಹೇಳಬೇಕು. ‘ಅವಳಿಗೆ ಬುದ್ಧಿ ಕೊಡು’ ಅನ್ನುವುದು ದೇವರ ಹತ್ತಿರ ಒಯ್ದ ದೂರು. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು, ನನ್ನ ಫೈಲ್ ಎಲ್ಲಿಗೆ ಬಂತು ಅಂತ ದಿನಾ ಹೋಗಿ ವಿಚಾರಿಸಿದ ಹಾಗೆ ಮಾಡಿದರೆ ಅದು ಬಿಟ್ಟಂತಾಗುವುದಿಲ್ಲ. ಅವಳು ಏನಾಗಬೇಕು, ಯಾವಾಗ ಆಗಬೇಕು, ಆಗಲೇಬೇಕಾ ಅನ್ನುವುದನ್ನೂ ಅವನಿಗೇ ಬಿಡಬೇಕು. ಒಂಬತ್ತಕ್ಕೆ ಏಳುವುದು ದೇವರ ಕಣ್ಣಿಗೆ ತಪ್ಪೇ ಅಲ್ಲದಿರಬಹುದು, ಅಲ್ವಾ? ನಾಳೆಯಿಂದ ‘ಅವಳು ಚೆನ್ನಾಗಿರಲಿ’ ಅಂತಷ್ಟೇ ಹೇಳಿ ನೋಡಿ. ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

12ನೇ ಶತಮಾನದ ಬಸವಣ್ಣನವರ ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ನಮಗೆಲ್ಲ ಬಾಯಿಪಾಠ. ಅದರ ಮುಂದೆ ‘ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ’ ಅಂತ ಇದೆ, ಮನಸ್ಸಿನ ಮಾತು ಬರುವುದು ಆಮೇಲೆ. ದಣಿದ ಮೈಯಲ್ಲಿ ಮನಸ್ಸು ತಿಳಿಯಾಗಿರುವುದು ಕಷ್ಟ. ಒಂದು ಹೊತ್ತಿನ ಅಡುಗೆ ಬಿಡಿ. ಬೆಳಗ್ಗೆ ತರಕಾರಿ ಹೆಚ್ಚಿಕೊಡು ಅಂತ ಮಗನನ್ನೇ ನೇರವಾಗಿ ಕೇಳಿ, ಸುತ್ತಿ ಬಳಸಿ ಬೇಡ.

ಅವರು ಬೇರೆ ಮನೆ ಮಾಡಿದರೆ ತಡೆಯಬೇಡಿ. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವೈಟ್‌ಫೀಲ್ಡ್ ತಲುಪುತ್ತೀರಿ. ಹೋಗಿ, ಉಂಡು ಬನ್ನಿ. ಅವಳ ಅಡುಗೆಮನೆಯ ಡಬ್ಬಗಳನ್ನು ಮಾತ್ರ ಜೋಡಿಸಲು ಹೋಗಬೇಡಿ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ದೇವರು ನೋಡಿಕೊಳ್ಳುತ್ತಾನೆ, ನಿನ್ನ ಬಾಯಿ ನೀನು ಕಟ್ಟಿಕೋ ಅಂತ ಅಮ್ಮ ಹೇಳುತ್ತಾರೆ. ಸಹಿಸಿಕೊಳ್ಳಲಾ? (ಯಶವಂತಪುರ)

ಉತ್ತರ: ಬೇಡ ತಂಗಿ. ಏಟು ತಿನ್ನುವವರು ತಮ್ಮ ತಪ್ಪು ಹುಡುಕುತ್ತಾ ಕೂರಬಾರದು. ಮೇಲೆ ಹೇಳಿದ ಬಸವಣ್ಣನವರೇ ಕಲ್ಯಾಣದಲ್ಲಿ ಜಾತಿಯ ಕಟ್ಟಳೆಗೆ ಎದುರು ನಿಂತವರು, ಅನ್ಯಾಯ ಕಂಡು ಸುಮ್ಮನಿದ್ದವರಲ್ಲ.

ಕುಡಿತ ಬೇರೆ, ಏಟು ಬೇರೆ ಅಂತ ನೋಡಿ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಅನ್ನುವ ಕೂಟ 1951ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅಲ್ಲಿ ಮೊದಲು ಹೇಳಿಕೊಡುವುದೇ ಇದನ್ನು: ಅವರ ಕುಡಿತಕ್ಕೆ ಕಾರಣ ನೀವಲ್ಲ, ಅದನ್ನು ಹತೋಟಿಗೆ ತರುವುದೂ ವಾಸಿ ಮಾಡುವುದೂ ನಿಮ್ಮಿಂದ ಆಗುವುದಿಲ್ಲ. ಅಷ್ಟರ ಮಟ್ಟಿಗೆ ದೇವರಿಗೆ ಬಿಡಿ, ಜೊತೆಗೆ ವೈದ್ಯರಿಗೂ ಬಿಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಇದೆ. ಏಟನ್ನು ಯಾರಿಗೂ ಬಿಡಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ನಿಮಗೆ ರಕ್ಷಣೆ ಇದೆ, ಅದೇ ಮನೆಯಲ್ಲಿ ಇರುವ ಹಕ್ಕೂ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕೈ ಎತ್ತಿದ ಹೊತ್ತಿನಲ್ಲೇ ಆದರೆ ತುರ್ತು ಸಂಖ್ಯೆ 112. ಅಮ್ಮನಿಗೆ ಈ ಪುಟ ಓದಿ ಹೇಳಿ.

ಪ್ರಶ್ನೆ: ಅಪ್ಪನ ಔಷಧಿ ಖರ್ಚಿಗೆ ಅಣ್ಣ ಒಂದು ರೂಪಾಯಿ ಕೊಡುವುದಿಲ್ಲ. ನಾನು ಪ್ರಾರ್ಥನೆ ಮಾಡಿಕೊಂಡು ಸುಮ್ನೆ ಇದ್ದೇನೆ. ಹೇಳಿದರೆ ತೀರ್ಪು ಕೊಟ್ಟ ಹಾಗಾಗುತ್ತದಾ? (ಫ್ರೇಜರ್ ಟೌನ್)

ಉತ್ತರ: ನೀವು ಮನಸ್ಸಿನಲ್ಲಿಟ್ಟುಕೊಂಡಿರುವುದು ಬೈಬಲಿನ ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದ ‘ತೀರ್ಪು ಮಾಡಬೇಡಿ’ ಅನ್ನುವ ಮಾತು ಅನ್ನಿಸುತ್ತದೆ. ಅಲ್ಲಿ ಯೇಸು, ಮೊದಲು ನಿನ್ನ ಕಣ್ಣಿನ ತೊಲೆ (ಅಂದರೆ ನಿನ್ನ ದೊಡ್ಡ ತಪ್ಪು) ತೆಗೆದುಕೋ, ಆಮೇಲೆ ಸಹೋದರನ ಕಣ್ಣಿನ ರವೆ (ಅವನ ಸಣ್ಣ ತಪ್ಪು) ತೆಗೆಯಲು ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ. ರವೆ ಮುಟ್ಟಲೇಬೇಡ ಅಂದಿಲ್ಲ. ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ, ಸಹೋದರ ತಪ್ಪು ಮಾಡಿದರೆ ನೀವಿಬ್ಬರೇ ಇರುವಾಗ ಹೋಗಿ ಹೇಳು ಅಂತಲೂ ಇದೆ.

ನಿಮ್ಮ ತೊಲೆ ಯಾವುದು ಅಂತ ನೀವೇ ನೋಡಿಕೊಳ್ಳಿ. ಅಪ್ಪನನ್ನು ನೋಡಿಕೊಳ್ಳುವವನು ನಾನೊಬ್ಬನೇ ಅನ್ನುವ ಹೆಮ್ಮೆ ಎಷ್ಟೋ ಮನೆಯಲ್ಲಿ ಇರುತ್ತದೆ. ಅದನ್ನು ಇಳಿಸಿ ಅಣ್ಣನ ಮನೆಗೆ ಹೋಗಿ, ಔಷಧಿ ಅಂಗಡಿ ಬಿಲ್ ಜೊತೆಗಿರಲಿ. ಅತ್ತಿಗೆ, ಮಕ್ಕಳ ಎದುರು ಬೇಡ. ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ತಿಂಗಳಿಗೆ ಎಷ್ಟಾಗುತ್ತದೆ, ನಿಮ್ಮಿಂದ ಎಷ್ಟು ಸಾಧ್ಯ, ಅವರಿಂದ ಎಷ್ಟು ಬೇಕು ಅಂತ ಹೇಳಿ ಎದ್ದು ಬನ್ನಿ. ಹಳೇ ಲೆಕ್ಕ ತೆಗೆಯಬೇಡಿ. ಅವರು ಯೋಚಿಸಲಿ, ಒಂದು ವಾರ ಅದರ ಬಗ್ಗೆ ಫೋನ್ ಮಾಡಬೇಡಿ.