ಗಿಮ್ಮಿ ಫೈವ್ ಬ್ಯಾಂಡ್ ಆದ ಮೇಲೆ ನ್ಯಾಶ್ ಅಗ್ವಾಸ್ ಎಲ್ಲಿಗೆ ಹೋದರು?

ನೀವು ಕೇಳಿರುವುದು: "ಗಿಮ್ಮಿ ಫೈವ್ ಅನ್ನೋ ಫಿಲಿಪೀನ್ಸ್ ಬಾಯ್‌ಬ್ಯಾಂಡ್‌ನಲ್ಲಿದ್ದ ನ್ಯಾಶ್ ಅಗ್ವಾಸ್ ಆಮೇಲೆ ಯಾಕೆ ಮರೆಯಾದರು?"

ಅವರು ಮರೆಯಾಗಲೇ ಇಲ್ಲ. ಬ್ಯಾಂಡ್‌ನಿಂದ ಅವರನ್ನು ಗುರುತಿಸಿದವರಿಗೆ ಹಾಗನ್ನಿಸಬಹುದು. ಆದರೆ ನ್ಯಾಶ್ ಮೊದಲಿನಿಂದಲೂ ನಟ. ಹಾಡು ನಡುವೆ ಬಂದು ಹೋಯಿತು, ಅಷ್ಟೇ.

ಅವರು ಹುಟ್ಟಿದ್ದು 1998ರ ಅಕ್ಟೋಬರ್‌ನಲ್ಲಿ. 2004ರಲ್ಲಿ ಎಬಿಎಸ್-ಸಿಬಿಎನ್ ವಾಹಿನಿ 'ಸ್ಟಾರ್ ಸರ್ಕಲ್ ಕ್ವೆಸ್ಟ್' ಅನ್ನೋ ಪ್ರತಿಭಾ ಸ್ಪರ್ಧೆಯ ಮಕ್ಕಳ ಆವೃತ್ತಿ ನಡೆಸಿತು. ಅದನ್ನು ಗೆದ್ದಾಗ ನ್ಯಾಶ್‌ಗೆ ಐದೇ ವರ್ಷ. ಕೆ-ಪಾಪ್ ಕೇಳುವವರಿಗೆ ಒಂದು ಮಾತು: ಮುಂದೆ 2ಎನ್ಇ1 ತಂಡದಲ್ಲಿ ಹಾಡಿದ ಸಾಂಡರಾ ಪಾರ್ಕ್ ಮೊದಲು ಹೆಸರು ಮಾಡಿದ್ದು ಇದೇ ಸ್ಪರ್ಧೆಯ ದೊಡ್ಡವರ ಆವೃತ್ತಿಯಲ್ಲಿ.

ಮರುವರ್ಷ 'ಗೋಯಿನ್ ಬುಲಿಲಿಟ್' ಶುರುವಾಯಿತು. ಪ್ರತಿ ಭಾನುವಾರ ಬರುತ್ತಿದ್ದ, ಬರೀ ಮಕ್ಕಳೇ ನಟಿಸುತ್ತಿದ್ದ ಹಾಸ್ಯ ಕಾರ್ಯಕ್ರಮ. 2019ರವರೆಗೂ ನಡೆಯಿತು. ನ್ಯಾಶ್ ಮೊದಲ ತಂಡದಲ್ಲೇ ಇದ್ದರು. ಈಗ ಅಲ್ಲಿನ ದೊಡ್ಡ ತಾರೆಯಾಗಿರುವ ಕ್ಯಾಥರಿನ್ ಬರ್ನಾರ್ಡೊ ಕೂಡ ಇದರಲ್ಲಿ ನಟಿಸಿದವರೇ. ಮಕ್ಕಳು ಹದಿವಯಸ್ಸಿಗೆ ಬರುತ್ತಿದ್ದಂತೆ ಪರದೆಯ ಮೇಲೇ ಅವರಿಗೆ ಬೀಳ್ಕೊಡುಗೆ ನಡೆಯುತ್ತಿತ್ತು. ನನಗೆ ಈ ಪದ್ಧತಿ ತುಂಬಾ ಇಷ್ಟ. ಮುದ್ದುಮಗು ಅನ್ನೋ ಪಟ್ಟ ಇಲ್ಲಿಗೆ ಮುಗಿಯಿತು ಅಂತ ಮಗುವಿಗೂ ನೋಡುವವರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಎಷ್ಟೋ ಬಾಲನಟರಿಗೆ ಅಂಥ ಬಾಗಿಲೇ ಸಿಗುವುದಿಲ್ಲ, ಅಲ್ವಾ?

ಹದಿಹರೆಯಕ್ಕೆ ಬಂದ ಮೇಲೆ ಅಲ್ಲಿನ ವಾಹಿನಿಗಳು ಕಲಾವಿದರನ್ನು 'ಲವ್ ಟೀಮ್' ಮಾಡುತ್ತವೆ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಧಾರಾವಾಹಿ, ಜಾಹೀರಾತು, ವೇದಿಕೆ ಎಲ್ಲ ಕಡೆಯೂ ಅದೇ ಜೋಡಿ. ನ್ಯಾಶ್ ಜೋಡಿ ಅಲೆಕ್ಸಾ ಇಲಕಾಡ್, ಅವರೂ 'ಗೋಯಿನ್ ಬುಲಿಲಿಟ್'ನಿಂದ ಬಂದವರು. ಅಭಿಮಾನಿಗಳು ಇಬ್ಬರ ಹೆಸರು ಸೇರಿಸಿ 'ಎನ್‌ಲೆಕ್ಸ್' ಅನ್ನುತ್ತಿದ್ದರು. ಬಾಯ್‌ಬ್ಯಾಂಡ್ ಬಂದದ್ದೂ ಇದೇ ಕಾಲದಲ್ಲಿ. ಬ್ರೇಸ್ ಅರ್ಕಿಜಾ, ಹೋವಾಕಿನ್ ರೇಯೆಸ್, ಗ್ರೇ ಫರ್ನಾಂಡಿಸ್, ಜಾನ್ ಬರ್ಮುಂಡೊ ಮತ್ತು ನ್ಯಾಶ್. 'ಹಾತಿದ್ ಸುಂದೋ' ಅವರ ಜನಪ್ರಿಯ ಹಾಡು. ನೇರವಾಗಿ ಹೇಳುತ್ತೇನೆ, ವಾಹಿನಿ ತನ್ನ ಹುಡುಗರಿಗೆ ಅಭಿಮಾನಿಗಳನ್ನು ಜಾಸ್ತಿ ಮಾಡಲು ಕಟ್ಟಿದ ತಂಡ ಅದು. ಹಾಡುಗಳು ಕೇಳಲು ಹಿತ. ಆದರೆ ನ್ಯಾಶ್ ಒಳಗಿನ ಶಕ್ತಿ ಅಲ್ಲಿ ಕಾಣುವುದಿಲ್ಲ.

ಅದು ಕಂಡಿದ್ದು 2014ರ ನವೆಂಬರ್‌ನಲ್ಲಿ ಶುರುವಾದ 'ಬಗೀತೊ' ಧಾರಾವಾಹಿಯಲ್ಲಿ. ಹದಿನಾಲ್ಕು ವರ್ಷದ ಡ್ರೂ ಅನ್ನೋ ಹುಡುಗ ತಂದೆಯಾಗಿಬಿಡುತ್ತಾನೆ. ಕ್ಯಾಥೊಲಿಕರೇ ಹೆಚ್ಚಿರುವ ದೇಶ ಅದು. ಕುಟುಂಬ ಯೋಜನೆಯ ಕಾನೂನಿಗೆ 2012ರ ಕೊನೆಯಲ್ಲಿ ಸಹಿ ಬಿದ್ದಿದ್ದರೂ ಚರ್ಚ್ ಕಡೆಯ ವಿರೋಧ ಜೋರಾಗಿತ್ತು. ಸುಪ್ರೀಂ ಕೋರ್ಟ್ ಅದರ ಹೆಚ್ಚಿನ ಭಾಗವನ್ನು ಎತ್ತಿಹಿಡಿದದ್ದು 2014ರ ಏಪ್ರಿಲ್‌ನಲ್ಲಿ. ಅದೇ ವರ್ಷ ಈ ಕಥೆ ಮನೆಮನೆಯ ಟಿವಿಗೆ ಬಂತು. ಹುಡುಗಿಯರ ಕನಸಿನ ಹುಡುಗ ಅನ್ನಿಸಿಕೊಂಡಿದ್ದ ನ್ಯಾಶ್ ಇಲ್ಲಿ ಹೆದರಿದ, ತಪ್ಪು ಮಾಡಿದ, ಅಪ್ಪ ಅಮ್ಮನ ಮುಖ ನೋಡಲಾಗದ ಹುಡುಗ. ಹದಿನಾರನೇ ವಯಸ್ಸಿನಲ್ಲಿ ಅಂಥ ಪಾತ್ರ ಒಪ್ಪುವುದು ಸುಲಭವಲ್ಲ.

2017ರ 'ದ ಗುಡ್ ಸನ್' ಇನ್ನೂ ಮೇಲೆ. ಒಬ್ಬ ಶ್ರೀಮಂತ ಸಾಯುತ್ತಾನೆ, ಅವನಿಗೆ ಎರಡು ಸಂಸಾರ ಇದ್ದದ್ದು ಬಯಲಾಗುತ್ತದೆ. ಮಕ್ಕಳಾಗಿ ಜೋಶುವಾ ಗಾರ್ಸಿಯಾ, ಜೆರೋಮ್ ಪೋನ್ಸೆ, ಮಕ್ಕಾಯ್ ಡಿ ಲಿಯೋನ್ ಜೊತೆ ನ್ಯಾಶ್. ಅವರ ಪಾತ್ರ ಕ್ಯಾಲ್ವಿನ್, ಮಾನಸಿಕ ಕಾಯಿಲೆಯಿಂದ ನರಳುವ ಕಿರಿಯ ಮಗ. ಇಂಥ ಪಾತ್ರ ಸಿಕ್ಕರೆ ಸಾಮಾನ್ಯವಾಗಿ ನಟರು ಕೂಗಾಡುತ್ತಾರೆ. ನ್ಯಾಶ್ ಕಣ್ಣಲ್ಲೇ ಹೇಳಿದರು. ನಾಯಕನ ಪಾತ್ರ ಸಿಗದಿದ್ದರೂ ಎಲ್ಲರ ನಡುವೆ ನೆನಪಿನಲ್ಲಿ ಉಳಿಯುವುದು ಹೇಗೆ ಅಂತ ಇಲ್ಲಿ ತೋರಿಸಿದರು. ಅವರ ವೃತ್ತಿಯ ನಿಜವಾದ ತಿರುವು ಇದೇ ಅಂತ ನನ್ನ ಅಭಿಪ್ರಾಯ.

2020ರಲ್ಲಿ ನ್ಯಾಶ್ ನಟಿಸುತ್ತಿದ್ದ, ಸೈನಿಕರ ಕಥೆಯ ಧಾರಾವಾಹಿ 'ಎ ಸೋಲ್ಜರ್ಸ್ ಹಾರ್ಟ್' ನಡೆಯುತ್ತಿದ್ದಾಗ ಮೊದಲು ಕೊರೋನಾ ಬಂತು. ಮೇ 5ರಂದು ಎಬಿಎಸ್-ಸಿಬಿಎನ್ ಪ್ರಸಾರವೇ ನಿಂತಿತು, ಪರವಾನಗಿಯ ಅವಧಿ ಮುಗಿದಿತ್ತು. ಜುಲೈ 10ರಂದು ಅಲ್ಲಿನ ಸಂಸತ್ತಿನ ಸಮಿತಿ 70-11 ಮತಗಳಿಂದ ಹೊಸ ಪರವಾನಗಿ ನಿರಾಕರಿಸಿತು. ಧಾರಾವಾಹಿ ಹೇಗೋ ಕೇಬಲ್ ವಾಹಿನಿಯಲ್ಲಿ ಮುಗಿಯಿತು. ಆದರೆ ಐದನೇ ವಯಸ್ಸಿನಿಂದ ಅದೇ ಸಂಸ್ಥೆಯಲ್ಲಿ ಬೆಳೆದವರಿಗೆ ಅದು ಎಂಥ ಪೆಟ್ಟು ಅಂತ ಯೋಚಿಸಿ ನೋಡಿ. ನಿಮಗೆ ಅವರು ಕಾಣದೇ ಹೋಗಿದ್ದಕ್ಕೆ ಇದೂ ಒಂದು ಕಾರಣ.

2022ರ ಚುನಾವಣೆಯಲ್ಲಿ ನ್ಯಾಶ್ ಕವೀಟೆ ಸಿಟಿಯ ನಗರಸಭಾ ಸದಸ್ಯರಾಗಿ ಗೆದ್ದರು, 23ನೇ ವಯಸ್ಸಿಗೆ. ಅಲ್ಲಿ ನಟರು ರಾಜಕೀಯಕ್ಕೆ ಬರುವುದು ಹೊಸದಲ್ಲ. ಇದೇ ಕವೀಟೆ ಪ್ರಾಂತ್ಯಕ್ಕೆ ನಟ ಬಾಂಗ್ ರೆವಿಲ್ಲಾ ಹಿಂದೆ ಗವರ್ನರ್ ಆಗಿದ್ದರು. 2023ರಲ್ಲಿ ನಟಿ ಮಿಕಾ ಡೆಲಾ ಕ್ರೂಜ್ ಜೊತೆ ಮದುವೆಯಾಯಿತು.

ನೋಡಬೇಕು ಅನ್ನಿಸಿದರೆ 'ದ ಗುಡ್ ಸನ್' ಮೊದಲು ನೋಡಿ, ಆಮೇಲೆ 'ಬಗೀತೊ'. ಬ್ಯಾಂಡ್ ಹಾಡುಗಳನ್ನು ಅದಾದ ಮೇಲೆ ಕೇಳಿದರೂ ಸಾಕು.