ಪ್ರತಿ: ಗ್ಯಾಲರಿಲಿ ಶೆಫ್ ಪಾಪ್-ಅಪ್, ಆರು ಜನ ಹೋಗ್ಬೋದಾ?

ನೀವು ಕೇಳಿದ್ದು ಆರು ಜನ ಫ್ರೆಂಡ್ಸ್, ಇಬ್ರು ಪಕ್ಕಾ ವೆಜ್, ಒಬ್ರಿಗೆ ಕಡ್ಲೆಕಾಯಿ ಅಲರ್ಜಿ, ಬೆಂಗಳೂರಿನ ಆರ್ಟ್ ಗ್ಯಾಲರಿಲಿ ನಡೆಯೋ ಪಾಪ್-ಅಪ್ ಊಟ (ಅಂದ್ರೆ ಶೆಫ್ ಬಂದು ಸ್ವಲ್ಪ ದಿನಕ್ಕೆ ಮಾತ್ರ ಹಾಕೋ ಊಟ) ಬುಕ್ ಮಾಡ್ಬೋದಾ ಅಂತ. ಧಾರಾಳವಾಗಿ ಮಾಡಿ, ಆದ್ರೆ ದುಡ್ಡು ಕಟ್ಟೋಕೆ ಮುಂಚೆ ಅಲರ್ಜಿ ವಿಷ್ಯ ಮೆಸೇಜ್ ಹಾಕಿ, ಉತ್ತರ ಬರೋ ತನಕ ಕಾಯಿರಿ, ಯಾಕಂದ್ರೆ ಇಂಥಾ ಕಡೆ ಸಾಮಾನ್ಯವಾಗಿ ಒಂದೇ ಸೆಟ್ ಮೆನು, ತಲೆ ಲೆಕ್ಕ ಹಾಕೇ ಸಾಮಾನು ತಂದಿರ್ತಾರೆ, ಅಲ್ಲಿ ಕೂತ್ಮೇಲೆ ಇದು ಬೇಡ ಅದು ಕೊಡಿ ಅಂದ್ರೆ ಅವ್ರಾದ್ರೂ ಎಲ್ಲಿಂದ ತರ್ತಾರೆ.

ಗ್ಯಾಲರಿಲಿ ಸರಿಯಾದ ಅಡುಗೆಮನೆ ಇರೋದೇ ಅಪರೂಪ. ಹೊಗೆ, ಎಣ್ಣೆ ಜಿಡ್ಡು ಪೇಂಟಿಂಗ್‌ಗೆ ಆಗ್ಬರಲ್ಲ, ಹಾಗಾಗಿ ಕರಿಯೋದು ಹುರಿಯೋದು ಎಲ್ಲಾ ಬೇರೆ ಕಡೆ ಮುಗಿಸ್ಕೊಂಡು ಬಂದು ಇಲ್ಲಿ ಇಂಡಕ್ಷನ್ ಮೇಲೆ ಬಿಸಿ ಮಾಡಿ ಪ್ಲೇಟ್ ಮಾಡೋದೇ ಜಾಸ್ತಿ. ಗರಿಗರಿ ಬಿಸಿಬಿಸಿ ಬೇಕು ಅನ್ನೋರಿಗೆ ಸ್ವಲ್ಪ ನಿರಾಸೆ. ನಾವು ಹೋದಾಗ ಒಂದು ಕಪ್ಪು ಕಲ್ಲಿನ ಮೇಲೆ ಅಂಗೈಗಿಂತ ಚಿಕ್ಕ ರಾಗಿ ಹಪ್ಪಳ, ಅದ್ರ ಮೇಲೆ ಒಂದೇ ಒಂದು ಬೊಟ್ಟು ಮಾವಿನಕಾಯಿ ಗೊಜ್ಜು ಇಟ್ರು, ಫ್ರೆಂಡ್ ಒಬ್ಳು ಅದೂ ಎಕ್ಸಿಬಿಷನ್ನೇ ಅಂದ್ಕೊಂಡು ಮುಟ್ಲೇ ಇಲ್ಲ! ಗೊಜ್ಜು ಮಾತ್ರ ಸೂಪರ್.

ಅಂದಹಾಗೆ ಕಲೆ, ಊಟ ಎರಡನ್ನೂ ಸೇರ್ಸೋದು ಏನು ಹೊಸ ಶೋಕಿ ಅಲ್ಲ, 1971ರಲ್ಲೇ ನ್ಯೂಯಾರ್ಕಿನ ಸೋಹೋ ಏರಿಯಾದಲ್ಲಿ ಕಲಾವಿದ ಗಾರ್ಡನ್ ಮಟ್ಟಾ-ಕ್ಲಾರ್ಕ್, ಕ್ಯಾರಲ್ ಗುಡೆನ್ ಎಲ್ಲಾ ಸೇರಿ 'ಫುಡ್' ಅಂತ ಹೋಟೆಲ್ ತೆಗೆದಿದ್ರು, ಕಲಾವಿದ್ರೇ ಅಡುಗೆ ಮಾಡೋರು, ಒಂದಿನ ಬರೀ ಮೂಳೆ ಇರೋ ಐಟಂಗಳ ಊಟ ಹಾಕಿ, ತಿಂದಾದ್ಮೇಲೆ ಅದೇ ಮೂಳೆ ತೊಳೆದು ಸರ ಮಾಡಿ ಬಂದೋರಿಗೆ ಕೊಟ್ರಂತೆ.

ಆರು ಜನದ್ದೂ ಒಂದೇ ಬುಕಿಂಗಲ್ಲಿ ಹಾಕಿ, ಇಲ್ಲಾಂದ್ರೆ ಉದ್ದ ಟೇಬಲ್ ಇದ್ರೆ ಅಪರಿಚಿತರ ಮಧ್ಯೆ ಚದುರಿಸಿ ಕೂರಿಸ್ಬಿಡ್ತಾರೆ. ಕ್ಯಾನ್ಸಲ್ ಮಾಡಿದ್ರೆ ರೀಫಂಡ್ ಇದ್ಯಾ ಅಂತಾನೂ ಕೇಳ್ಕೊಳ್ಳಿ.